ಖಾಲಿ ಮೊಳೆ

ಹೊಸ ಲಿಫ್ಟಿನ ಹಲಗೆಯ ಮೇಲೆ ಸರಕು ತುಂಬಿದ ಲಾರಿ ನಿಂತಿತ್ತು. ಆ ಹಲಗೆಯ ಅಡಿಯಲ್ಲಿ ಸ್ಟೂಲು ಹಾಕಿಕೊಂಡು ಅಪ್ಪ ಆರಾಮವಾಗಿ ಪೇಪರು ಓದುತ್ತಿದ್ದರು.

ಊರಿಗೆಲ್ಲ ಅವರು ಎಣ್ಣೆ ಯಜಮಾನರು. ಲಾರಿ ಎತ್ತಲು ಸರಪಳಿ, ರಾಟೆ, ಎಂಟು ಆಳು ಬೇಕಾಗಿದ್ದ ಕಾಲದಲ್ಲಿ ಸಿಲಿಂಡರಿನೊಳಗಿನ ಎಣ್ಣೆಯ ಒತ್ತಡದಿಂದಲೇ ಎತ್ತಿ ತೋರಿಸಿದ ಮೊದಲಿಗರು. ಎಣ್ಣೆ ಇದ್ದರೆ ತಲೆಗೆ ಹಚ್ಚಿಕೊಳ್ಳಿ ಎಂದು ಆಗ ನಕ್ಕಿದ್ದ ಗ್ಯಾರೇಜಿನವರೇ ಈಗ ಲಿಫ್ಟಿಗಾಗಿ ಕಾಯುತ್ತಾರೆ. ಅಪ್ಪ ಯಾರಿಗೂ ಗ್ಯಾರಂಟಿ ಚೀಟಿ ಬರೆದುಕೊಟ್ಟವರಲ್ಲ. ಯಂತ್ರ ವರ್ಕ್‌ಶಾಪು ಬಿಡುವ ಮುಂಚೆ ಭಾರ ಹೊರಿಸಿ ಅದರಡಿಯಲ್ಲಿ ಇಪ್ಪತ್ತು ನಿಮಿಷ ಕೂರುತ್ತಾರೆ, ಅಷ್ಟೇ.

ಮಗಳು ಪಂಪಿನ ಪಕ್ಕ ನಿಂತಿದ್ದಳು. ಈ ಸಿಲಿಂಡರನ್ನು ನಿನ್ನೆ ಅವಳೊಬ್ಬಳೇ ಜೋಡಿಸಿದ್ದಳು, ಮೊದಲ ಸಲ. ಹೆಮ್ಮೆಯಿಂದ ಕತ್ತು ತಿರುಗಿಸಿದವಳ ಕಣ್ಣು ಗೋಡೆಯ ಮೊಳೆಯ ಮೇಲೆ ಬಿತ್ತು. ಮೊಳೆ ಖಾಲಿಯಿತ್ತು.

 ಎಣ್ಣೆ ಹೊರಬರದಂತೆ ತಡೆಯುವ ರಬ್ಬರಿನ ಸೀಲನ್ನು ಸಿಲಿಂಡರಿನ ಬಾಯಿಗೆ ತೂರಿಸುವಾಗ ಅಲ್ಲಿ ಮುಚ್ಚಳ ತಿರುಗಿಸಲು ಕೊರೆದ ಹರಿತವಾದ ತಿರುಪುಗೆರೆ ಅದರ ಅಂಚನ್ನು ಸೀಳಿಬಿಡುತ್ತದೆ. ಅದಕ್ಕೇ ಪ್ರತಿ ಸಲ ಆ ತಿರುಪುಗೆರೆಗೆ ಹೊಸ ಎಣ್ಣೆ ಕಾಗದ ಸುತ್ತಬೇಕು, ಕೆಲಸವಾದ ಮೇಲೆ ಕಾಗದವನ್ನು ತೆಗೆದು, ಲಿಫ್ಟು ಹೊರಹೋಗುವವರೆಗೆ ಸಾಕ್ಷಿಗೆಂದು ಆ ಮೊಳೆಗೆ ಸಿಗಿಸಬೇಕು. ಇದು ಅಪ್ಪನ ಕಟ್ಟುನಿಟ್ಟು. ನಿನ್ನೆ ಕಾಗದ ಸುತ್ತಿದೆನೇ? ಎಷ್ಟು ತಲೆ ಕೆರೆದುಕೊಂಡರೂ ಅವಳಿಗೆ ನೆನಪಾಗಲಿಲ್ಲ.

ಅಂಚು ಸೀಳಿದ ಸೀಲು ಸ್ವಲ್ಪ ಹೊತ್ತು ತಡೆಯುತ್ತದೆ. ಆಮೇಲೆ ಒಮ್ಮೆಲೇ ಬಿಟ್ಟುಕೊಡುತ್ತದೆ.

ಗಡಿಯಾರ ನೋಡಿದಳು. ಇನ್ನೂ ಹನ್ನೊಂದು ನಿಮಿಷ. ಎದುರಿಗೆ ಮೂವರು ಗ್ಯಾರೇಜು ಮಾಲೀಕರು ಕೈಕಟ್ಟಿ ನಿಂತಿದ್ದರು. ಬಾಯಿ ಬಿಟ್ಟರೆ ಇವರ ಮುಂದೆ ಅಪ್ಪನ ನಲವತ್ತು ವರ್ಷದ ಮರ್ಯಾದೆ ಮಣ್ಣುಪಾಲು. ಬಿಡದಿದ್ದರೆ?  ಅಪ್ಪ ಪುಟ ತಿರುಗಿಸಿದರು.

ಆಗ ಸಿಲಿಂಡರಿನ ಬಾಯಿಂದ ಎಣ್ಣೆ ಒಂದು ಎಳೆಯಾಗಿ ಇಳಿಯತೊಡಗಿತು. 

"ಅಪ್ಪಾ, ಈಚೆ ಬನ್ನಿ."

"ಇನ್ನೂ ಟೈಮಾಗಿಲ್ಲ ಕಣೆ."

"ನಾನು ಕಾಗದ ಸುತ್ತಿಲ್ಲ ಅನ್ಸುತ್ತೆ. ಮೊಳೆ ಖಾಲಿ ಇದೆ."

ಮಾಲೀಕರು ಮುಖ ಮುಖ ನೋಡಿಕೊಂಡರು. ಅಪ್ಪ ಮೊಳೆಯನ್ನು ನೋಡಿದರು, ಮಗಳನ್ನು ನೋಡಿದರು. ಪೇಪರನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಬಂದರು. ಮಂಡಿನೋವಿನಿಂದ ಆ ನಾಲ್ಕು ಹೆಜ್ಜೆ ನಿಧಾನವಾಗಿ ಬಿದ್ದವು.

ಅವರು ಅವಳ ಪಕ್ಕ ಬಂದು ನಿಂತರೋ ಇಲ್ಲವೋ, ಎಣ್ಣೆ ಗೋಡೆಯವರೆಗೆ ಚಿಮ್ಮಿತು. ಲಾರಿಯ ಸಮೇತ ಹಲಗೆ ಧಡ್ಡನೆ ಕುಸಿಯಿತು. ಸ್ಟೂಲು ನೆಲಕ್ಕಂಟಿದ ತಗಡಾಯಿತು.

 ಹಿರಿಯ ಮಾಲೀಕ, "ಯಜಮಾನ್ರೇ, ನಾವು ಇನ್ನೊಂದಿನ ಬರ್ತೀವಿ," ಎಂದ. ಮೂವರೂ ಹಿಂದಿರುಗಿ ನೋಡದೆ ಹೊರಟರು.

ಅವಳು ಗೋಡೆಗೊರಗಿ ಅಳತೊಡಗಿದಳು. "ನಾನು ನಿಮ್ಮನ್ನ ಕೊಂದೇ ಬಿಡ್ತಿದ್ದೆ."

ಅಪ್ಪ ಬೈಯುತ್ತಾರೆಂದುಕೊಂಡಿದ್ದಳು. ಅವರು ಬಂದು ಅವಳ ಪಕ್ಕ ಗೋಡೆಗೊರಗಿದರು.

"ನಿನ್ ಚಿಕ್ಕಪ್ಪ ಜ್ವರ ಬಂದು ಹೋದ ಅಂತ ಹೇಳಿದ್ನಲ್ಲ," ಎಂದರು ಮೆಲ್ಲಗೆ. "ಜ್ವರ ಅಲ್ಲ. ಈ ಊರಿಗೆ ಬರೋ ಮುಂಚೆ ನಾವು ಮಾಡಿದ ಮೊದಲನೇ ಲಿಫ್ಟು ಕುಸಿದು. ಸೀಲ್ ಹಾಕಿದ್ದು ನಾನು, ಹಲಗೆ ಕೆಳಗೆ ಹೋಗಿದ್ದು ಅವನು. ಆವತ್ತು ನಂಗೂ ಅನುಮಾನ ಇತ್ತು ಕಣಮ್ಮ. ಜನ ನಿಂತಿದ್ರು, ನಗ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ."

ಅವಳ ಅಳು ನಿಂತಿತು. ಇಷ್ಟು ವರ್ಷ ಧೈರ್ಯವೆಂದು ಊರೆಲ್ಲ ಹೊಗಳಿದ್ದು ಏನೆಂದು ಅವಳಿಗೆ ಈಗ ತಿಳಿಯಿತು. ಅವರು ಪ್ರತಿ ಸಲವೂ ತಮ್ಮನ ಜಾಗದಲ್ಲಿ ಕೂತು ಬರುತ್ತಿದ್ದರು.

"ಮುಂದಿನ ಸಲ ಕೆಳಗೆ ಯಾರು ಕೂರೋದು?" ಎಂದು ಕೇಳಿದಳು. 

"ಯಾರೂ ಬೇಡ," ಎಂದರು ಅಪ್ಪ. ಹಲಗೆಯಡಿಯಿಂದ ಹೊರಚಾಚಿದ್ದ ಸ್ಟೂಲಿನ ಕಾಲನ್ನು ಹಿಡಿದು ಎಳೆಯಲು ಬಗ್ಗಿದರು. ಅದು ಅಲ್ಲಾಡದೆ ಹೋದಾಗ ಅದರ ಪಕ್ಕದಲ್ಲೇ ಕುಸಿದು ಕುಳಿತರು.