ದೂರು ಕೇಳುವ ಕ್ರಮ

ಪಟಾಕಿ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಹೋಟೆಲಿನ ಕೋಣೆಗಳನ್ನು ಸ್ವಚ್ಛ ಮಾಡಿಸುವ ಮೇಲ್ವಿಚಾರಕಿ ಅವಳು. ಹಾಸಿಗೆಯ ಚಾದರದಲ್ಲಿ ಒಂದು ಸುಕ್ಕು ಕಂಡರೂ ಸಾಕು, ಹಾಸಿದವಳಿಗೆ ಅಲ್ಲೇ ಮಂಗಳಾರತಿ. ಬೈದು ಮುಗಿಸಿದ ಮೇಲೆ ತನ್ನ ಡಬ್ಬಿಯ ಊಟವನ್ನೂ ಅವಳಿಗೇ ಬಡಿಸುತ್ತಿದ್ದಳಾದ್ದರಿಂದ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಮ್ಯಾನೇಜರ್ ಮಾತ್ರ ಹಚ್ಚಿಕೊಂಡರು.

"ನಿಮ್ಮನ್ನ ಸಿಬ್ಬಂದಿ ವಿಭಾಗಕ್ಕೆ ತಗೋಬೇಕು ಅಂತಿದೀನಿ. ಕೆಲಸದಲ್ಲಿ ಎರಡು ಮಾತಿಲ್ಲ. ಆದ್ರೆ ಆ ಬಾಯಿಗೊಂದು ಡಿಪ್ಲೊಮಾ ಆಗ್ಬೇಕು" ಎಂದರು.

ಹೀಗೆ, ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ತಾಯಿ ಸಂಜೆ ಕಾಲೇಜಿಗೆ ಸೇರಿದಳು. ಓದುವುದು ಹೋಟೆಲ್ ಆತಿಥ್ಯ ಮತ್ತು ಮಾನವ ಸಂಪನ್ಮೂಲ ನಿರ್ವಹಣೆ; ಹೆಸರು ಹೇಳಿ ಮುಗಿಸುವಷ್ಟರಲ್ಲೇ ಅರ್ಧ ಆಯಾಸ. ದಿನವೆಲ್ಲ ಮಹಡಿ ಹತ್ತಿಳಿದ ಕಾಲುಗಳನ್ನು ಬೆಂಚಿನ ಕೆಳಗೆ ಚಾಚಿ, ತನ್ನ ಅರ್ಧ ವಯಸ್ಸಿನವರ ನಡುವೆ ಕೂತು, ತೂಕಡಿಸದಿರಲೆಂದು ತೊಡೆ ಚಿವುಟಿಕೊಳ್ಳುತ್ತಿದ್ದಳು. ಮೇಷ್ಟ್ರು ಎಷ್ಟು ಕಲಿಸಿದರೂ ಪಾಠ ಒಂದೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಅತಿಥಿ ಕೂಗಾಡಲಿ, ಕೆಲಸದವನು ಗೋಳಾಡಲಿ, ದೂರು ಕೇಳುವ ಕ್ರಮ ಬೇರೆಯಿಲ್ಲ. ಪೂರ್ತಿ ಕೇಳು, ಅವರ ಮಾತನ್ನೇ ಅವರಿಗೆ ತಿರುಗಿಸಿ ಹೇಳು, ಕ್ಷಮೆ ಕೇಳು, ನೆಪ ಹೇಳಬೇಡ. ದನಿ ಏರಬಾರದು, ಮುಗುಳ್ನಗೆ ಇಳಿಯಬಾರದು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಸುಡುವುದೇನೂ ಬೇಡ, ಚೆನ್ನಾಗಿ ದಣಿಸಿದರೆ ತಾನಾಗಿ ಹೋಗುತ್ತದೆ. ಬೈಯುವುದಕ್ಕೆ ಮೈಯಲ್ಲಿ ಕಸುವು ಬೇಕು, ಕ್ಷಮೆ ಕೇಳುವುದಕ್ಕೆ ಏನೂ ಬೇಡ. ಆ ಮೆತ್ತನೆಯ ದನಿ ಮೊದಲು ತರಗತಿಯಲ್ಲಿ ಬಂತು, ಆಮೇಲೆ ಹೋಟೆಲಿನಲ್ಲಿ, ಕೊನೆಗೆ ಅವಳ ಹಿಂದೆಯೇ ಮನೆಗೂ ಬಂತು.

ಮನೆಯಲ್ಲಿದ್ದವರು ತಾಯಿ ಮಗಳು ಇಬ್ಬರೇ. ಒಂದು ಸಂಜೆ ಮಗಳು ಬಾಗಿಲಲ್ಲೇ ಹೇಳಿದಳು: "ಅಮ್ಮಾ, ಗಣಿತದಲ್ಲಿ ಫೇಲಾದೆ."

ಹಿಂದಿನ ಪಟಾಕಿಯಾಗಿದ್ದರೆ ಬೀದಿಯ ಕೊನೆ ಮನೆಗೂ ಫಲಿತಾಂಶ ತಲುಪುತ್ತಿತ್ತು. ಈಗ ಅವಳು ತಲೆಯಾಡಿಸಿದಳು. "ಗಣಿತದಲ್ಲಿ ಫೇಲಾಗಿದೀಯ. ನಿನಗೆ ಬೇಜಾರಾಗಿರೋದು ಅರ್ಥವಾಗುತ್ತೆ. ನನ್ನಿಂದ ಏನಾಗಬೇಕು ಹೇಳು."

ಮಗಳು ತಾಯಿಯ ಮುಖವನ್ನೇ ನೋಡಿದಳು. ಅಂದಿನಿಂದ ಒದ್ದೆ ಟವೆಲ್ಲನ್ನು ಬೇಕೆಂದೇ ಹಾಸಿಗೆಯ ಮೇಲೆ ಬಿಟ್ಟಳು, ಉಂಡ ತಟ್ಟೆ ತೊಳೆಯಲಿಲ್ಲ, ಹೇಳದೆ ಕೇಳದೆ ತಡವಾಗಿ ಬಂದಳು. ಯಾವುದಕ್ಕೂ ತಾಯಿ ಸಿಡಿಯಲಿಲ್ಲ. ಠುಸ್ ಪಟಾಕಿ.

"ಒಂದ್ಸಲ ಬೈಯಮ್ಮ" ಎಂದು ಕೊನೆಗೆ ಬಾಯಿಬಿಟ್ಟೇ ಕೇಳಿದಳು. "ನಾನೇನು ನಿಮ್ಮ ಹೋಟ್ಲಲ್ಲಿ ರೂಮ್ ಮಾಡಿದೀನಾ?"

"ಹಾಗನ್ನಿಸಿದ್ರೆ ಕ್ಷಮಿಸು" ಎಂದಳು ತಾಯಿ, ಸೋಫಾದ ಮೇಲೆ ಕಣ್ಣು ಮುಚ್ಚಿಕೊಂಡೇ.

ಮುಂದಿನ ರಜೆಯ ದಿನ ತಾಯಿಯ ಅಕ್ಕ ಕಾರು ತಂದಳು. ಮಗಳು ದೊಡ್ಡಮ್ಮನಿಗೆ ತಾನೇ ಫೋನ್ ಮಾಡಿ ಕರೆಸಿದ್ದಳು. ಅಕ್ಕನಿಗೆ ಮಕ್ಕಳಿಲ್ಲ, ಕೋಣೆಯೊಂದು ಖಾಲಿ ಇತ್ತು, ಈ ಹುಡುಗಿಯೆಂದರೆ ಪ್ರಾಣ. ಒಮ್ಮೆ ಅಲ್ಲಿ ನೆಲೆಯೂರಿದವಳು ಮತ್ತೆ ತನ್ನವಳಾಗಿ ಬರುವುದಿಲ್ಲ ಎಂಬುದು ತಾಯಿಗೆ ಗೊತ್ತಿತ್ತು.

"ತನ್ನ ಓದು ಮುಗಿಯೋವರೆಗೂ ನಮ್ಮನೇಲೇ ಇರ್ತಾಳಂತೆ. ನೀನೇನಂತೀಯ?" ಎಂದು ಅಕ್ಕ ಕೇಳಿದಳು. ಆದರೂ ತಂಗಿ ಬೇಡವೆನ್ನಲಿ ಎಂಬ ಆಸೆ ಅವಳ ದನಿಯಲ್ಲಿತ್ತು.

ತಾಯಿಯೊಳಗೆ ಹಳೆಯ ಸಿಟ್ಟು ಎದ್ದಿತು, ಮಾತಾಗುವಷ್ಟರಲ್ಲಿ ಆರಿತು. "ಅವಳಿಷ್ಟ" ಎಂದಳು. ಎದ್ದು ಮಗಳ ಚೀಲವನ್ನು ತಾನೇ ಎತ್ತಿಕೊಂಡಳು. ಮೆಟ್ಟಿಲಿಳಿದು, ಕಾರಿನ ಬಾಗಿಲು ತೆರೆದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಚೀಲವನ್ನು ಎರಡೂ ಕೈಯಿಂದ ಮುಂದೆ ಹಿಡಿದಳು.

"ಧನ್ಯವಾದ. ಮತ್ತೆ ಬನ್ನಿ" ಎಂದಳು, ನಗುತ್ತಾ.

ತಾನು ಹೇಳಿದ್ದು ಅವಳ ಕಿವಿಗೆ ಬಿದ್ದದ್ದು ಹೇಳಿಯಾದ ಮೇಲೆಯೇ. ಮಗಳು ಚೀಲಕ್ಕೆ ಕೈಹಾಕಿ ಎಳೆದಳು; ತಾಯಿ ಬಿಡಲಿಲ್ಲ. ಬೈದಾದರೂ ನಿಲ್ಲಿಸಬೇಕೆಂದು ಹಳೆಯ ಮಾತುಗಳಿಗಾಗಿ ತಡಕಾಡಿದಳು, ಒಂದೂ ಸಿಗಲಿಲ್ಲ.

"ನಂಗೆ ಸುಸ್ತಾಗಿದೆ ಕಣೇ. ತುಂಬಾ ಸುಸ್ತಾಗಿದೆ" ಎಂದಳು. "ಹೋಗ್ಬೇಡ."

ಮಗಳು ಚೀಲ ಕಿತ್ತುಕೊಂಡಳು.

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ? ಬಾಯಿ ಬಿದ್ದೋಗಿತ್ತಾ? ಊಟ ಆಯ್ತಾ ಅಂದ್ರೆ ಆಯ್ತು ಅಂತೀಯ, ಪಾತ್ರೆ ನೋಡಿದ್ರೆ ಅನ್ನ ಹಾಗೇ ಇರುತ್ತೆ. ಕಾಲು ನೋಡ್ಕೊಂಡಿದೀಯಾ, ಹೇಗೆ ಊದಿದೆ ಅಂತ? ಯಾರಿಗ್ ಬೇಕು ನಿನ್ನ ಕ್ಷಮೆ? ತಗೊಂಡ್ಹೋಗಿ ಒಲೆಗೆ ಹಾಕು."

ಪಕ್ಕದ ಮನೆಯ ಕಿಟಕಿ ತೆರೆಯಿತು. ಹುಡುಗಿ ಲೆಕ್ಕಿಸಲಿಲ್ಲ. ಚೀಲ ಹೊತ್ತು ಮೆಟ್ಟಿಲು ಹತ್ತುತ್ತಲೇ, ತಿರುತಿರುಗಿ ನಿಂತು ಬೈಯುತ್ತಿದ್ದಳು, ಥೇಟ್ ತಾಯಿಯದೇ ಗಂಟಲು. ಅಕ್ಕ ಸದ್ದಿಲ್ಲದೆ ಕಾರಿನ ಬಾಗಿಲು ಮುಚ್ಚಿದಳು.

ಕ್ರಮದ ಪ್ರಕಾರ ಈಗ ಮಗಳ ಮಾತನ್ನೇ ತಿರುಗಿಸಿ ಹೇಳಿ ಕ್ಷಮೆ ಕೇಳಬೇಕಿತ್ತು. ಪಟಾಕಿ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತು ಹೋ ಎಂದು ಅತ್ತುಬಿಟ್ಟಳು. ಮೇಲಿನಿಂದ ಬೈಗುಳ ಬರುತ್ತಲೇ ಇತ್ತು, ಅದು ನಿಲ್ಲದಿರಲಿ ಎಂದೇ ಅವಳ ಜೀವ ಬೇಡುತ್ತಿತ್ತು.