ಯಾವ ರಕ್ತ?

ಹೊಟ್ಟೆನೋವಿಗೆಂದು ನಾನು ಕುಡಿದ ಕಷಾಯವನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಉಣಕಲ್ ಕೆರೆ ಕೋಡಿ ಬೀಳುತ್ತಿತ್ತು. ಇಷ್ಟು ವರ್ಷಗಳಲ್ಲಿ ನೆಟ್ಟಗೆ ಪ್ರಶ್ನೆ ಕೇಳಿದವರು ಆಯುರ್ವೇದದ ಡಾಕ್ಟರ್ ತಾರಾಬಾಯಿ ಒಬ್ಬರೇ.

“ಮುಟ್ಟಿನ ಬಟ್ಟಿ ತೊಳದ್ರ ಕಲಿ ಹೋಗ್ತದೋ, ಉಳೀತದೋ?”

“ಉಳೀತದ್ರಿ. ಬಣ್ಣಾನೂ ಕರ್ರಗ. ಗಂಟು ಗಂಟು ಹೋಗ್ತದ.”

“ಕಲಿ ಉಳೀಬಾರ್ದು ಅಂತದ ನಮ್ಮ ಶಾಸ್ತ್ರ. ಆದ್ರ ಗರ್ಭಚೀಲದಾಗ ಟಿಬಿ ಅದನೋ ಏನೋ ಅಂತ ನನಗ ಸಂಶೆ. ಅದನ್ನ ಲ್ಯಾಬಿನವರ ಹೇಳಬೇಕು. ಮುಟ್ಟಾದ ಮೊದಲನೇ ದಿನದ ರಕ್ತ ಈ ಡಬ್ಬ್ಯಾಗ ಹಿಡದು ಕಳಸು. ಮರುದಿನದ್ದು ನಡೆಯೂದಿಲ್ಲ.”

ಲ್ಯಾಬಿನವರಿಗೆ ಚೀಟಿಯನ್ನೂ ಬರೆದುಕೊಟ್ಟರು.

ಆ ದಿನ ಬಂತು. ನೋವಿಗೆ ನಾನು ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ನನ್ನ ಗಂಡ ಅತುಲನೇ ಡಬ್ಬಿಯನ್ನು ದೇಶಪಾಂಡೆ ನಗರದ ಲ್ಯಾಬಿಗೆ ಒಯ್ದ. ಮಧ್ಯಾಹ್ನ ಲ್ಯಾಬಿನಿಂದ ಮೆಸೇಜು ಬಂತು: ರಕ್ತ ಹೆಪ್ಪುಗಟ್ಟಿ ಕೆಟ್ಟಿದೆ, ಕೈಯ ನರದಿಂದ ಹೊಸದಾಗಿ ತೆಗೆಸಬೇಕು.

“ಚೀಟಿ ಕೊಟ್ರಿಲ್ಲೋ?”

“ಕಿಸೇದಾಗ ಉಳೀತು. ಹಿಂದ ನಮ್ಮ ಬ್ಯಾಂಕಿನ ವೆಂಕಣ್ಣ ನಿಂತಿದ್ದ. ಕೌಂಟರಿನಾಕಿ ಏನದು ಅಂದ್ಲು. ರಕ್ತ ಅಂದೆ.”

“ಯಾವ ರಕ್ತ ಅಂತ ಹೇಳಲಿಲ್ಲಾ?”

“ಅಷ್ಟು ಮಂದ್ಯಾಗ ಹೆಂಗ ಹೇಳೂದು, ಋತುಜಾ?”

ಹೆಸರಿನಲ್ಲೇ ಋತು ಇಟ್ಟುಕೊಂಡವಳನ್ನು ಕಟ್ಟಿಕೊಂಡ ಈ ಮಹಾರಾಯನಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇವತ್ತು ತಪ್ಪಿದರೆ ಮತ್ತೊಂದು ತಿಂಗಳು ಈ ನೋವಿನ ಹೆಸರೇ ಗೊತ್ತಿಲ್ಲದೆ ಬಿದ್ದಿರಬೇಕು. ಗೋಡೆ ಹಿಡಿದು ಎದ್ದೆ. ಅವನ ಸ್ಕೂಟರಿನ ಹಿಂದೆ ಕೂತು ಹೋದೆ.

“ಮುಟ್ಟಿನ ರಕ್ತ ಕೊಡಲಿಕ್ಕೆ ಬಂದೀನ್ರಿ. ಡಬ್ಬಿ ಕೊಡ್ರಿ, ಬಚ್ಚಲಾ ತೋರಸ್ರಿ.”

“ಸಾವಕಾಶ ಮಾತಾಡ್ರಿ ಮೇಡಂ, ಮಂದಿ ಇದ್ದಾರ,” ಎಂದಳು ಕೌಂಟರಿನ ಹುಡುಗಿ.

“ಕೇಳಲಿ ಬಿಡ್ರಿ. ನಿಮಗ ಕೇಳಸ್ತಲ್ಲಾ?”

ತಿರುಗಿ ನೋಡಿದರೆ ಅತುಲ ಆಗಲೇ ಹೊರಗೆ ಸ್ಕೂಟರಿನ ಹತ್ತಿರ ನಿಂತಿದ್ದ.

ರಿಪೋರ್ಟು ಬಂದಾಗ ತಾರಾಬಾಯಿಯವರ ಸಂಶಯವೇ ಖರೆಯಾಯಿತು. ಗರ್ಭಚೀಲದ ಟಿಬಿ. ತಿಂಗಳುಗಟ್ಟಲೆ ಗುಳಿಗೆ ನುಂಗಬೇಕು, ಗುಣವಾಗುತ್ತದೆ, ಇದು ಹತ್ತಿರ ಕೂತವರಿಗೆ ಹತ್ತುವುದಿಲ್ಲ ಎಂದರು. ನಾನು ಅಲ್ಲೇ ಗಳಗಳ ಅತ್ತೆ. ನೋವಿಗೆ ಕೊನೆಗೂ ಒಂದು ಹೆಸರು ಸಿಕ್ಕಿತ್ತು.

ಆ ಭಾನುವಾರ ನನ್ನನ್ನು ನೋಡಲು ಗಂಡನ ಕಡೆಯ ನೆಂಟರು ಬಂದರು. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ನನಗೆ, ಪಡಸಾಲೆಯಲ್ಲಿ ಅತ್ತೆ ಕಾಶೀಬಾಯಿ ಹೇಳುತ್ತಿದ್ದುದು ಕೇಳಿಸಿತು: “ಎದಿಯೊಳಗ ಸ್ವಲ್ಪ ಟಿಬಿ ಅಂತ್ರೀ. ಕೆಮ್ಮು ಬಾಳ ಇತ್ತು, ಪಾಪ.”

ಅತ್ತೆ ಒಳಗೆ ಬಂದದ್ದೇ ತಡ, ಕೇಳಿಯೇಬಿಟ್ಟೆ. “ಅತ್ಯಾ, ಎದಿಯೊಳಗ ಅಂತ ಯಾರು ಹೇಳಿದ್ರು ನಿಮಗ? ನನಗದು ಇರೂದು ಗರ್ಭಚೀಲದಾಗ.”

“ಗೊತ್ತದವಾ, ಅತುಲ ಎಲ್ಲಾ ಹೇಳ್ಯಾನ,” ಎಂದು ಚಹಾದ ಟ್ರೇ ನನ್ನ ಕೈಗಿಟ್ಟರು. “ಹೊರಗ ಹೋದ ಕೂಡಲೆ ಸ್ವಲ್ಪ ಕೆಮ್ಮು.”