ಕಾಗದದ ಲೋಟ

ಮನೋರೋಗಿಗಳನ್ನು ಬೀಗ ಹಾಕಿ ಇಡುವ ಆಸ್ಪತ್ರೆ ಅದು. ಬಿಡುಗಡೆ ಸಮಿತಿಯ ಮೂವರು ದೊಡ್ಡ ಮನುಷ್ಯರು ಮೇಜಿನ ಆ ಕಡೆ ಕೂತಿದ್ದರು. ಈ ಕಡೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಕ್ಕ, ತಮ್ಮ. ಹಿಂದೆ ಕೀಲಿಗೊಂಚಲು ಹಿಡಿದ ವಾರ್ಡಿನ ಅಟೆಂಡರ್. ಆರು ವರ್ಷದ ಹಿಂದೆ ಇದೇ ತಮ್ಮ, ತಲೆಯೊಳಗಿನ ದನಿಗಳ ಮಾತು ಕೇಳಿ, ಒಡೆದ ಗಾಜಿನ ಲೋಟದಿಂದ ಅಕ್ಕನನ್ನು ಕಿವಿಯಿಂದ ಕೊರಳವರೆಗೆ ಸೀಳಿದ್ದ. ಇವತ್ತು ಅವನನ್ನು ಅವಳ ಮನೆಗೇ ಕಳಿಸುವ ತೀರ್ಮಾನ. ಅವನು ಬರಲಿ ಎಂದು ಅವಳಿಗೂ ಆಸೆ. ಆದರೆ ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು.

ತೀರ್ಮಾನವಂತೆ ತೀರ್ಮಾನ! ಅಧ್ಯಕ್ಷರು ಫೈಲಿನ ಎರಡನೇ ಪುಟ ತಿರುವುವ ಮೊದಲೇ ಸಹಿ ಗೀಚಿದ್ದರು. ವಕೀಲರು ಆಕಳಿಸುತ್ತಿದ್ದರು. ಮೂರನೆಯವರು ಮನೋರೋಗ ತಜ್ಞೆಯಂತೆ, ವಾರ್ಡಿನ ಬಾಗಿಲು ಕಂಡವರಲ್ಲ, ಬಿಸ್ಕತ್ತು ಮಾತ್ರ ಬಲು ಶ್ರದ್ಧೆಯಿಂದ ತಿನ್ನುತ್ತಿದ್ದರು.

"ಆರು ವರ್ಷದಿಂದ ಒಂದೇ ಒಂದು ಗಲಾಟೆ ಇಲ್ಲ," ಎಂದು ಅಧ್ಯಕ್ಷರು ತಾವೇ ಸಾಕಿ ಬೆಳೆಸಿದವರ ಹಾಗೆ ಬೀಗಿದರು. "ಇನ್ನೇನಮ್ಮ ಬೇಕು? ಸಹಿ ಹಾಕಿ, ಕರ್ಕೊಂಡು ಹೋಗಿ."

ಚಾಕುವಿಲ್ಲದ, ಗಾಜಿಲ್ಲದ, ಬೂಟಿಗೆ ಲೇಸೂ ಇಲ್ಲದ ಜಾಗದಲ್ಲಿ ಗಲಾಟೆ ಹೇಗಾದೀತು, ಮಹಾನುಭಾವರೇ! ಅಕ್ಕನಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಟೀ ಬಂತು. ಸಮಿತಿಗೆ ಪಿಂಗಾಣಿ ಕಪ್ಪು. ಅಕ್ಕನಿಗೂ ಒಂದು. ತಮ್ಮನಿಗೆ ಕಾಗದದ ಲೋಟ.

"ಅವನಿಗ್ಯಾಕೆ ಕಾಗದದ್ದು?"

"ಇಲ್ಲಿನ ರೂಲ್ಸಮ್ಮ ಅದು," ಎಂದರು ವಕೀಲರು.

"ನಮ್ಮನೇಲಿ ರೂಲ್ಸಿಲ್ಲ ಸಾರ್, ಗಾಜಿನ ಲೋಟ ಇದೆ. ಹುಷಾರಾಗಿದಾನೆ ಅಂತೀರಲ್ಲ, ನಿಮ್ಮ ಕಪ್ಪು ಕೊಡಿ. ಅವನು ಕುಡಿದು ಮುಗಿಸಲಿ, ಸಹಿ ಹಾಕ್ತೀನಿ."

ತಜ್ಞೆ ಬಿಸ್ಕತ್ತನ್ನು ತಟ್ಟೆಗೆ ಹಾಕಿದರು. ಅಧ್ಯಕ್ಷರು ತಮ್ಮ ಕಪ್ಪನ್ನು ಮೆಲ್ಲಗೆ ಎದೆಯ ಹತ್ತಿರ ಎಳೆದುಕೊಂಡರು. ಥೂ, ನಿಮ್ಮ ಮುಖಕ್ಕಿಷ್ಟು, ಎಂದು ಅಕ್ಕ ಮನಸ್ಸಿನಲ್ಲೇ ಉಗಿದಳು. ಆಮೇಲೆ ತನ್ನ ಕಪ್ಪನ್ನೇ ತಮ್ಮನ ಮುಂದೆ ಸರಿಸಿದಳು. ಕಪ್ಪಿನ ಹಿಡಿಯಿಂದ ಬೆರಳು ಮಾತ್ರ ಬಿಡಲಿಲ್ಲ.

ತಮ್ಮ ಅದನ್ನೇ ನೋಡಿದ. ಒಂದು ಬೆರಳಿನಿಂದ ಕಪ್ಪನ್ನು ಹಿಂದಕ್ಕೆ ತಳ್ಳಿದ.

"ಬೇಡ ಅಕ್ಕ. ಇನ್ನೂ ಒಂದೊಂದ್ಸಲ ಆ ದನಿ ಕೇಳ್ಸುತ್ತೆ."

"ಇವರಿಗೆ ಯಾಕೋ ಹೇಳಲಿಲ್ಲ?"

"ಇವರು ಕೇಳಲೇ ಇಲ್ಲ."

"ನನಗೆ ಮೊದಲೇ ಅನುಮಾನ ಇತ್ತು," ಎನ್ನುತ್ತ ಅಧ್ಯಕ್ಷರು ತಮ್ಮದೇ ಸಹಿಯನ್ನು ಹೊಡೆದುಹಾಕಿದರು. ಒಂದಿಷ್ಟೂ ನಾಚಿಕೆ ಇಲ್ಲದೆ!

ಅಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿಯನ್ನು ತಮ್ಮನ ಪಕ್ಕಕ್ಕೆ ಎಳೆದುಕೊಂಡು ಅಟೆಂಡರ್‌ಗೆ ಹೇಳಿದಳು:

"ನನಗೂ ಒಂದು ಕಾಗದದ ಲೋಟ ಕೊಡಪ್ಪ."